ಹೊಗೆಗೂಡು ನೋಡೋರು ಯಾರು?

ಈ ಸಲ ತೆಂಗಿನ ವಿಷ್ಯ ಇಲ್ಲ, ರಾಗಿ ವಿಷ್ಯಾನೂ ಇಲ್ಲ. ಒಲೆ ವಿಷ್ಯ. ಸರಿಯಾಗಿ ಹೇಳ್ಬೇಕಂದ್ರೆ ಒಲೆಯ ಹಿಂದೆ ಗೋಡೆಗೆ ಒರಗಿ ನಿಂತು, ಹೆಂಚು ತೂರಿಕೊಂಡು ಮೇಲೆ ಹೋಗೋ ಕೊಳವೆಯ ವಿಷ್ಯ. ಗ್ಯಾಸಿನ ಬೆಲೆ ನೋಡಿ ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಸೌದೆ ಒಲೆ ಮತ್ತೆ ಹತ್ತಿದೆ. ಬಚ್ಚಲ ಹಂಡೆ ಒಲೆಯಂತೂ ಯಾವತ್ತೂ ಆರಿರಲಿಲ್ಲ ಬಿಡಿ. ಆ ಒಲೆಯ ಹೊಗೆಗೂಡನ್ನ ವರ್ಷಕ್ಕೆ ಎಷ್ಟು ಸಲ ನೋಡಬೇಕು ಅಂತ ಕೇಳಿದ್ರೆ ಹೆಚ್ಚಿನವರು ಮುಖ ಮುಖ ನೋಡ್ತಾರೆ. "ನೋಡೋದೇನಿದೆ ಅದ್ರಲ್ಲಿ, ಹೊಗೆ ಮೇಲೆ ಹೋಗ್ತಾ ಇದೆಯಲ್ಲ" ಅಂತಾರೆ. ಇಷ್ಟು ಸಣ್ಣ ಪ್ರಶ್ನೆಗೆ ಇಂಗ್ಲೆಂಡಿನ ಪಾರ್ಲಿಮೆಂಟಿಂದ ಹಿಡಿದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದವರೆಗೆ ಒಂದು ಉದ್ದದ ಚರಿತ್ರೆ ಇದೆ. ಬಿಡುವಿದ್ದೋರು ಓದಿ.

ಮೊದಲು ಒಂದು ಮಾತು. ಚಿಮಣಿ ಅಂದ ತಕ್ಷಣ ಪಟ್ಟಣದೋರು ಗ್ಯಾಸ್ ಸ್ಟವ್ ಮೇಲೆ ನೇತಾಡೋ ಕರೆಂಟಿನ ಡಬ್ಬ ಅಂದ್ಕೋತಾರೆ. ಉತ್ತರ ಕರ್ನಾಟಕದ ಕಡೆ ಚಿಮಣಿ ಅಂದ್ರೆ ದೀಪ, ಚಿಮಣಿ ಎಣ್ಣೆ ಅಂದ್ರೆ ಸೀಮೆಎಣ್ಣೆ. ನಾನು ಹೇಳ್ತಿರೋದು ಸೌದೆ ಒಲೆಯ ಹೊಗೆಗೂಡು.

ನಮ್ಮ ಹಳೇ ಮನೆಗಳಲ್ಲಿ ಈ ಕೊಳವೆಯೇ ಇರಲಿಲ್ಲ. ಹೊಗೆ ಅಡಿಗೆಮನೆಯ ಗವಾಕ್ಷಿಯಿಂದ, ನಾಡಹೆಂಚಿನ ಸಂದಿಯಿಂದ ತಾನೇ ದಾರಿ ಮಾಡ್ಕೊಂಡು ಹೋಗೋದು. ಅದನ್ನ ಬರೀ ದಡ್ಡತನ ಅಂದ್ಕೋಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆ ಅವರೆ, ಜೋಳದ ತೆನೆ, ಸೋರೆ ಬುರುಡೆಯೊಳಗಿನ ಬೀಜ ಎಲ್ಲಾ ಇರ್ತಿತ್ತು. ಹೊಗೆ ತಗಲಿದ ಬೀಜಕ್ಕೆ ಹುಳ ಬರೋದು ಕಡಿಮೆ. ಜಂತಿ, ತೊಲೆ, ಬಿದಿರಿನ ಗಳ ಕಪ್ಪಗೆ ಕಲ್ಲಿನ ಹಾಗೆ ಆಗಿರ್ತಿದ್ವು, ಕುಟ್ಟೆ ಹಿಡೀತಿರಲಿಲ್ಲ. ಆದ್ರೆ ಆ ಲಾಭ ಎಲ್ಲಾ ಬೀಜಕ್ಕೆ ಮತ್ತು ಮರಕ್ಕೆ. ಊದುಕೊಳವೆ ಹಿಡ್ಕೊಂಡು ಒಲೆ ಮುಂದೆ ಕೂತವಳ ಕಣ್ಣು, ಎದೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಗಿದ್ರೂ ಆ ಮನೆಗಳಿಗೆ ಒಂದು ತಪಾಸಣೆ ಇತ್ತು, ಅದನ್ನ ನಾವು ಮರೀತೀವಿ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸ್ತಿದ್ರು. ಮೇಲೆ ಹತ್ತಿದೋನು ಒಡೆದ ಹೆಂಚಿನ ಜೊತೆ ಒಲೆ ಮೇಲಿನ ಭಾಗಾನೂ ನೋಡ್ತಿದ್ದ. ಯುಗಾದಿಗೆ ಸುಣ್ಣ ಬಳಿಯೋಕೆ ಮುಂಚೆ ಉದ್ದನೆ ಗಳಕ್ಕೆ ಪೊರಕೆ ಕಟ್ಟಿ ಇಲ್ಲಣ ಹೊಡೀತಿದ್ರು. ಜೋಲಾಡೋ ಆ ಕರಿ ಇಲ್ಲಣಕ್ಕೆ ಒಂದು ಕಿಡಿ ತಗಲಿದ್ರೆ ಏನಾಗತ್ತೆ ಅಂತ ಹುಲ್ಲಿನ ಮನೆ ಕಂಡೋರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಬ್ಬವೇ ಅವರ ಕ್ಯಾಲೆಂಡರು.

ಈಗ ಕೊಳವೆ ಇರೋ ದೇಶಕ್ಕೆ ಹೋಗೋಣ. ಚಳಿ ದೇಶದಲ್ಲಿ ಹೊಗೆಗೂಡಿಲ್ಲದೆ ಮನೆಯೇ ಇಲ್ಲ. ಲಂಡನ್ನಿನಲ್ಲಿ ಜನ ಸೌದೆ ಬಿಟ್ಟು ಕಲ್ಲಿದ್ದಲಿಗೆ ಇಳಿದಾಗ ಕೊಳವೆಗಳು ಕಿರಿದಾದವು. ಕಿರಿದಾದ ಕೊಳವೆ ಚೆನ್ನಾಗಿ ಎಳೆಯತ್ತೆ. ಜೊತೆಗೆ ಒಂದೇ ಮನೆಯ ನಾಲ್ಕು ಮಹಡಿಯ ನಾಲ್ಕಾರು ಒಲೆಗಳ ಕೊಳವೆಗಳನ್ನ ಗೋಡೆಯೊಳಗೇ ಬಳಸಿ, ತಿರುಗಿಸಿ ಮೇಲೆ ಒಯ್ಯೋಕೆ ಶುರು ಮಾಡಿದ್ರು. 9 ಇಂಚು ಅಗಲ, 14 ಇಂಚು ಉದ್ದದ ಕೊಳವೆ ಅಂದ್ರೆ ಆಗ ಮಾಮೂಲಿ ಅಳತೆ. ಅದರೊಳಗೆ ಮಸಿ ಕಟ್ಟಿದ್ರೆ ಕೋಲು ಹೋಗಲ್ಲ, ಯಾಕಂದ್ರೆ ತಿರುವು ಇದೆ. ದೊಡ್ಡ ಆಳು ಹೋಗಲ್ಲ, ಯಾಕಂದ್ರೆ ಜಾಗ ಇಲ್ಲ. ಹೋಗೋದು ಮಗು ಮಾತ್ರ.

ಮೊಣಕೈ, ಮೊಣಕಾಲು ಒತ್ತಿ ಒತ್ತಿ ಮೇಲೇರೋ ಮಕ್ಕಳು. ಅನಾಥರನ್ನ, ಬಡವರ ಮಕ್ಕಳನ್ನ ಕಸುಬುದಾರರು ಕೆಲಸ ಕಲಿಸೋ ನೆಪದಲ್ಲಿ ಕರ್ಕೊಂಡು ಹೋಗ್ತಿದ್ರು. 1775ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅನ್ನೋರು ಈ ಕೆಲಸ ಮಾಡಿ ಬೆಳೆದ ಗಂಡಸರಿಗೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರೋದನ್ನ ಬರೆದಿಟ್ರು. ಮಾಡೋ ಕೆಲಸದಿಂದಲೇ ಕ್ಯಾನ್ಸರ್ ಬರತ್ತೆ ಅಂತ ತೋರಿಸಿದ ಮೊದಲ ಬರಹಗಳಲ್ಲಿ ಅದೂ ಒಂದು. ಕಾರಣ ಮಸಿ. ನಾವು ಬೂದಿ ಜೊತೆ ತಿಪ್ಪೆಗೆ ಚೆಲ್ಲೋ ಅದೇ ಮಸಿ.

ಕಾನೂನು ಬಂತು. ಬಂದು ಏನಾಯ್ತು ಅಂತ ನೋಡಿ. 1788ರಲ್ಲಿ ಎಂಟು ವರ್ಷಕ್ಕಿಂತ ಚಿಕ್ಕವರನ್ನ ಇಟ್ಕೋಬಾರದು ಅಂತ ಕಾಯ್ದೆ. ಯಾರೂ ಕೇಳಲಿಲ್ಲ. 1834ರಲ್ಲಿ ಇನ್ನೊಂದು. 1840ರಲ್ಲಿ 21 ವರ್ಷದೊಳಗಿನ ಯಾರೂ ಕೊಳವೆ ಹತ್ತಕೂಡದು ಅಂತ ಮತ್ತೊಂದು. 1864ರಲ್ಲಿ ದಂಡ ಜಾಸ್ತಿ ಮಾಡಿದ್ರು. ಅಷ್ಟೊತ್ತಿಗೆ ಕೋಲು ಜೋಡಿಸಿ ಮೇಲೆ ತಳ್ಳೋ ಕುಂಚ ಬಂದು ಎಷ್ಟೋ ವರ್ಷ ಆಗಿತ್ತು. ಆದ್ರೆ ಮನೆ ಒಡೆಯರಿಗೆ ಗೋಡೆ ಒಡೆದು ತಿರುವಿನಲ್ಲಿ ಒಂದು ಬಾಗಿಲು ಇಡಿಸೋದು ಖರ್ಚು, ಮಗು ಅಗ್ಗ. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಹತ್ತಿರ ಫುಲ್ಬೋರ್ನ್ ಆಸ್ಪತ್ರೆಯ ಹೊಗೆಗೂಡಿನಲ್ಲಿ 11 ವರ್ಷದ ಜಾರ್ಜ್ ಬ್ರೂಸ್ಟರ್ ಅನ್ನೋ ಹುಡುಗ ಸಿಕ್ಕಿಹಾಕಿಕೊಂಡ. ಗೋಡೆ ಒಡೆದು ತೆಗೆದ್ರು, ಉಳೀಲಿಲ್ಲ. ಅದೇ ವರ್ಷ ಶಾಫ್ಟ್ಸ್‌ಬರಿ ಅನ್ನೋ ಶ್ರೀಮಂತ ರಾಜಕಾರಣಿ ಹಠ ಹಿಡಿದು ಇನ್ನೊಂದು ಕಾಯ್ದೆ ತಂದ. ಅದ್ರ ಪ್ರಕಾರ ಹೊಗೆಗೂಡು ಗುಡಿಸೋರು ಪೊಲೀಸರಿಂದ ಲೈಸೆನ್ಸ್ ತಗೋಬೇಕು. ಮೊದಲ ಕಾಯ್ದೆಯಿಂದ ಇಲ್ಲಿಗೆ 87 ವರ್ಷ! ನಾಲ್ಕು ಕಾಯ್ದೆಯಲ್ಲಿ ಆಗದ್ದು ಇದ್ರಲ್ಲಿ ಆಯ್ತು, ಯಾಕಂದ್ರೆ ಇದನ್ನ ನೋಡ್ಕೊಳ್ಳೋಕೆ ಒಬ್ಬ ಅಂತ ಇದ್ದ. ಈ ಮಾತು ನೆನಪಿರಲಿ, ನಮ್ಮ ಒಲೆಯ ಕಥೆಗೆ ಬೇಕಾಗತ್ತೆ.

ಇಂಗ್ಲೆಂಡಿನದೇ ಇನ್ನೊಂದು ಕಾಯ್ದೆ ನಂಗೆ ಬಹಳ ಇಷ್ಟ. 1847ರದು, ಪಟ್ಟಣಗಳ ಪೊಲೀಸು ವಿಚಾರದ್ದು. ಬೇಕಂತ ಹೊಗೆಗೂಡಿಗೆ ಬೆಂಕಿ ಹಚ್ಚಿದ್ರೆ ಐದು ಪೌಂಡಿನವರೆಗೆ ದಂಡ. ಬೇಕಂತ ಯಾರು ಹಚ್ತಾರೆ ಅಂತೀರಾ? ಗುಡಿಸೋರಿಗೆ ಕೂಲಿ ಕೊಡೋದು ಉಳಿಸೋಕೆ ಮಸಿಯನ್ನ ಒಳಗೇ ಸುಟ್ಟುಬಿಡೋ ಬುದ್ಧಿವಂತರು ಎಲ್ಲಾ ಕಾಲದಲ್ಲೂ ಇದ್ರು. ಇನ್ನು ತಾನಾಗೇ ಹತ್ತಿಕೊಂಡ್ರೆ? ಆಗಲೂ ಹತ್ತು ಶಿಲಿಂಗಿನವರೆಗೆ ದಂಡ. ನನ್ನ ಅಲಕ್ಷ್ಯದಿಂದ ಆಗಿದ್ದಲ್ಲ ಅಂತ ಮನೆಯವನೇ ತೋರಿಸಿದ್ರೆ ಮಾತ್ರ ಬಿಡುಗಡೆ. ಅಂದ್ರೆ ಎಷ್ಟು ಸಲ ನೋಡಬೇಕು ಅಂತ ಕಾಯ್ದೆ ಹೇಳಲಿಲ್ಲ, ಹತ್ತಿಕೊಂಡ್ರೆ ನೋಡಿಲ್ಲ ಅಂತಲೇ ಲೆಕ್ಕ.

ಜರ್ಮನ್ನರು ಹಾಗಲ್ಲ, ಎಣಿಸಿ ಹೇಳಿದ್ರು. ಅಲ್ಲಿ ದೇಶವನ್ನೇ ನಮ್ಮ ಹೋಬಳಿ ಹಾಗೆ ಹೊಗೆಗೂಡಿನ ವಲಯ ಅಂತ ಹಂಚಿದ್ರು. ಒಂದು ವಲಯಕ್ಕೆ ಒಬ್ಬ ಅಧಿಕೃತ ಕೆಲಸಗಾರ, ಅವನು ಬಂದ್ರೆ ಬಾಗಿಲು ತೆಗೆಯಲೇಬೇಕು. 1935ರಿಂದ ಇಡೀ ದೇಶಕ್ಕೆ ಈ ಪದ್ಧತಿ. ಅವನ ಬದಲು ಬೇರೆಯವರನ್ನ ಕರೆಯೋ ಹಾಗಿರಲಿಲ್ಲ. ಐರೋಪ್ಯ ಒಕ್ಕೂಟ ಇದನ್ನ ತಕರಾರು ಮಾಡಿದ ಮೇಲೆ 2008ರಲ್ಲಿ ಕಾಯ್ದೆ ಬದಲಾಗಿ 2013ರಿಂದ ಗುಡಿಸೋ ಕೆಲಸಕ್ಕೆ ಯಾವ ಅರ್ಹ ಕೆಲಸಗಾರನನ್ನಾದ್ರೂ ಕರೀಬಹುದು ಅಂತ ಆಯ್ತು. ಆದ್ರೆ ಒಲೆ, ಕೊಳವೆ ಎಲ್ಲವನ್ನೂ ಕೂಲಂಕಷ ನೋಡೋ ತಪಾಸಣೆ ಮಾತ್ರ ಇವತ್ತಿಗೂ ಆ ವಲಯದವನದ್ದೇ, ಏಳು ವರ್ಷಕ್ಕೆ ಎರಡು ಸಲ.

ಗುಡಿಸೋದಕ್ಕೆ ಬೇರೆ ಲೆಕ್ಕ, ಅದೇ ನಮಗೆ ಬೇಕಾಗಿರೋದು. ಸೌದೆಯಂಥ ಗಟ್ಟಿ ಉರುವಲಿನ ಒಲೆಯನ್ನ ಯಾವಾಗಲೋ ಒಮ್ಮೆ ಹಚ್ಚೋದಾದ್ರೆ ವರ್ಷಕ್ಕೆ ಒಂದು ಸಲ. ಅದಕ್ಕಿಂತ ಸ್ವಲ್ಪ ಜಾಸ್ತಿ ಹಚ್ಚೋದಾದ್ರೆ ಎರಡು. ಚಳಿಗಾಲ ಪೂರ್ತಿ ಹಚ್ಚೋದಾದ್ರೆ ಮೂರು. ವರ್ಷವಿಡೀ ಬಿಡದೆ ಹಚ್ಚೋದಾದ್ರೆ ನಾಲ್ಕು. ನಮ್ಮ ಬಚ್ಚಲ ಒಲೆಯನ್ನ ಈ ಪಟ್ಟಿಯಲ್ಲಿ ಹುಡುಕಿ ನೋಡಿ. ವರ್ಷದ 365 ದಿನ, ಬೆಳಗ್ಗೆ ಐದಕ್ಕೆ ಹತ್ತಿ ಎಂಟರವರೆಗೆ ಉರಿಯತ್ತೆ, ಸಂಜೆ ಮತ್ತೆ. ಜರ್ಮನಿಯಲ್ಲಾಗಿದ್ರೆ ವರ್ಷಕ್ಕೆ ನಾಲ್ಕು ಸಲ ಕರಿ ಅಂಗಿ ತೊಟ್ಟೋನು ಕುಂಚ ಹಿಡ್ಕೊಂಡು ಬಂದು ಬಾಗಿಲು ತಟ್ಟಿರೋನು.

ಅಮೆರಿಕದ್ದು ಇನ್ನೂ ಸರಳ. ಬೆಂಕಿ ಅನಾಹುತ ತಡೆಯೋಕೆ 1896ರಲ್ಲಿ ಹುಟ್ಟಿದ ಅಲ್ಲಿನ ಸಂಘದ ನಿಯಮದ ಪ್ರಕಾರ ಹೊಗೆಗೂಡನ್ನ ಕನಿಷ್ಠ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಬಳಸಿದ್ರೂ ಬಳಸದಿದ್ರೂ. ಒಳಗೋಡೆಗೆ ಮಸಿ ಇಂಚಿನ ಎಂಟನೇ ಒಂದು ಭಾಗ, ಅಂದ್ರೆ ಸುಮಾರು 3 ಮಿಲಿಮೀಟರ್ ಕಟ್ಟಿದ್ರೆ ಗುಡಿಸಬೇಕು ಅಂತ ಅಲ್ಲಿನ ಕೆಲಸಗಾರರ ಲೆಕ್ಕ. ಬಳಸದ ಕೊಳವೇನ ಯಾಕೆ ನೋಡಬೇಕು? ಹಕ್ಕಿ ಗೂಡು ಕಟ್ಟಿರತ್ತೆ, ಅದಕ್ಕೆ. ನಮ್ಮಲ್ಲಿ ಅಳಿಲೂ ಕಟ್ಟತ್ತೆ, ಕಣಜಾನೂ ಕಟ್ಟತ್ತೆ.

ಈ ಮಸಿ ಎಲ್ಲಿಂದ ಬರತ್ತೆ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ. ಸೌದೆ ಪೂರ್ತಿ ಉರಿದ್ರೆ ಮಸಿ ಕಡಿಮೆ. ಹಸಿ ಸೌದೆ ತುರುಕಿ, ಗಾಳಿ ಆಡದ ಹಾಗೆ ಮುಚ್ಚಿ, ಹೊಗೆಯಾಡಿಸಿದ್ರೆ ಅದ್ರಲ್ಲಿನ ಡಾಂಬರಿನಂಥ ಆವಿ ಉರಿಯದೆ ಮೇಲೆ ಹೋಗತ್ತೆ. ಮೇಲಿನ ತಣ್ಣನೆ ಕೊಳವೆಗೆ ತಗಲಿ, ಗಡಿಗೆ ಹೊರಗೆ ನೀರು ಬೆವರೋ ಹಾಗೆ ಗೋಡೆಗೆ ಕೂರತ್ತೆ. ಒಣಗಿ ಕರೀ ಹೊಳಪಿನ ಪದರ ಆಗತ್ತೆ, ಇಂಗ್ಲಿಷಿನವರು ಕ್ರಿಯೋಸೋಟ್ ಅಂತಾರೆ. ಅದು ಉರುವಲೇ. ಒಂದಿನ ಜೋರಾಗಿ ಕರಟ ಹಾಕಿ ಉರಿ ಎಬ್ಬಿಸಿದಾಗ ಹತ್ತಿಕೊಂಡ್ರೆ ಕೊಳವೆಯೊಳಗೆ ಲಾರಿ ಓಡಿದ ಹಾಗೆ ಸದ್ದು ಬರತ್ತೆ, ಮೇಲಿನ ಬಾಯಿಂದ ಕಿಡಿ. ನಮ್ಮ ಕಡೆ ಆ ಬಾಯಿಯ ಪಕ್ಕದಲ್ಲಿ ಏನಿರತ್ತೆ? ಒಣಗಿದ ಗರಿ ಚಪ್ಪರ, ಆಚೆಗೆ ಹುಲ್ಲಿನ ಬಣವೆ.

ಹತ್ತಿಕೊಳ್ಳದಿದ್ರೂ ಕೆಡುಕು ತಪ್ಪಿದ್ದಲ್ಲ. 10 ಸೆಂಟಿಮೀಟರ್ ಅಗಲದ ಕೊಳವೆ ಒಳಗೆ ಸುತ್ತ ಒಂದೇ ಒಂದು ಸೆಂಟಿಮೀಟರ್ ಮಸಿ ಕಟ್ಟಿದ್ರೆ ಉಳಿಯೋದು 8. ನೋಡೋಕೆ ಸ್ವಲ್ಪವೇ ಕಡಿಮೆ. ಆದ್ರೆ ಹೊಗೆ ಹೋಗೋ ಜಾಗದ ಲೆಕ್ಕ ಹಾಕಿದ್ರೆ 78 ಚದರ ಸೆಂಟಿಮೀಟರ್ ಇದ್ದದ್ದು 50ಕ್ಕೆ ಇಳೀತು, ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯ್ತು. ಹನಿ ನೀರಾವರಿ ಪೈಪಿನಲ್ಲಿ ಉಪ್ಪು ಕಟ್ಟಿದ್ದು ಕಂಡೋರಿಗೆ ಇದು ಗೊತ್ತು. ಆಗ ಹೊಗೆ ವಾಪಸ್ಸು ಅಡಿಗೆಮನೆಗೇ.

ಈಗ ನಮ್ಮ ದೇಶಕ್ಕೆ ಬರೋಣ. ಹಳ್ಳಿ ಒಲೆಗೆ ಹೊಗೆಗೂಡು ಕೂರಿಸಬೇಕು ಅನ್ನೋ ಯೋಚನೆ ಸರ್ಕಾರದ ಯೋಜನೆಗಿಂತ ಹಳೇದು. ವಾರ್ಧಾದ ಮಗನವಾಡಿಯಲ್ಲಿ, ಗಾಂಧೀಜಿಯವರ ಗ್ರಾಮೋದ್ಯೋಗ ಸಂಘದವರು 1947ರ ಹೊತ್ತಿಗೆ ಮಗನ್ ಚುಲ್ಹಾ ಅಂತ ಒಂದು ಮಣ್ಣಿನ ಒಲೆ ಮಾಡಿದ್ರು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು 1950ರ ದಶಕದ ಮೊದಲಲ್ಲಿ ಹೊಗೆಯಿಲ್ಲದ ಒಲೆ ಮಾಡಿ, ಕೋಟ್ಯಂತರ ಜನಕ್ಕೆ ಹೊಗೆಯಿಲ್ಲದ ಅಡಿಗೆಮನೆ ಅನ್ನೋ ಅರ್ಥದ ಹೆಸರಿಟ್ಟು 1953ರಲ್ಲಿ ಪುಸ್ತಕವನ್ನೇ ಬರೆದ್ರು.

ನಮ್ಮ ಕರ್ನಾಟಕದ ಪಾಲು ಬರೋದು 1974ರಲ್ಲಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅಂತ ಪ್ರೊಫೆಸರ್ ಇದ್ರು. ಓದಿದ್ದು ವಿದ್ಯುತ್ ರಸಾಯನ ಶಾಸ್ತ್ರ, ಆ ವಿಷ್ಯದಲ್ಲಿ ಹೊರದೇಶದ ಕಾಲೇಜುಗಳೂ ಓದೋ ಪಠ್ಯಪುಸ್ತಕ ಬರೆದೋರಲ್ಲಿ ಒಬ್ಬರು. ಅಂಥೋರು ಹಳ್ಳಿಗೆ ವಿಜ್ಞಾನ ಅಂತ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು. ಅದರ ಹಳ್ಳಿ ನೆಲೆ ನಮ್ಮ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ. ಅಲ್ಲಿಂದ ಪುರ ಮತ್ತು ಸುತ್ತಿನ ಹಳ್ಳಿಗಳಿಗೆ ಹೋಗಿ ಮನೆ ಮನೆಯಲ್ಲಿ ಎಷ್ಟು ಸೌದೆ ಸುಡ್ತಾರೆ, ಯಾರು ತರ್ತಾರೆ, ಎಷ್ಟು ಹೊತ್ತು ಅಂತೆಲ್ಲಾ ಲೆಕ್ಕ ಹಾಕಿದ್ರು. ಹಳ್ಳಿ ಬಳಸೋ ಶಕ್ತಿಯಲ್ಲಿ ದೊಡ್ಡ ಪಾಲು ಪಂಪ್‌ಸೆಟ್ಟಿಗೂ ಅಲ್ಲ, ದೀಪಕ್ಕೂ ಅಲ್ಲ, ಅಡಿಗೆ ಒಲೆಗೆ ಅಂತ ಗೊತ್ತಾಯ್ತು. ಅದನ್ನ ಹೊತ್ತು ತರೋರು ಹೆಂಗಸರು, ಮಕ್ಕಳು.

ಆ ಲೆಕ್ಕದಿಂದ ಹುಟ್ಟಿದ್ದು 80ರ ದಶಕದ ಮೊದಲಲ್ಲಿ ಅಸ್ತ್ರ ಒಲೆ. ಲೋಕ್ರಸ್, ಜಗದೀಶ್ ಮತ್ತು ಜೊತೆಯವರ ಕೆಲಸ. ಮೂರು ಪಾತ್ರೆ ಸಾಲಾಗಿ ಕೂರತ್ತೆ. ಬೆಂಕಿ ಮೊದಲನೇದರ ಕೆಳಗೆ ಮಾತ್ರ, ಸೌದೆ ತಳದ ಜಾಲರಿ ಮೇಲೆ. ಬಿಸಿ ಗಾಳಿ ಸುರಂಗದಲ್ಲಿ ಎರಡನೇದಕ್ಕೆ, ಅಲ್ಲಿಂದ ಮೂರನೇದಕ್ಕೆ ಹೋಗಿ ಹೊಗೆಗೂಡು ಸೇರತ್ತೆ. ಪಾತ್ರೆ ಒಳಗೆ ಇಳಿದು ಕೂರೋದ್ರಿಂದ ಸುತ್ತ ಸಂದಿ ಇರಲ್ಲ. ನಾವು ಮೂರು ಕಲ್ಲಿಟ್ಟು ಹಚ್ಚೋ ಒಲೆಯಲ್ಲಿ ಸೌದೆಯ ಕಾವಿನ ಹತ್ತನೇ ಒಂದು ಪಾಲೋ ಏನೋ ಪಾತ್ರೆಗೆ ಸೇರತ್ತೆ. ಇದ್ರಲ್ಲಿ ಪ್ರಯೋಗಾಲಯದಲ್ಲಿ ಅಳೆದಾಗ ನೂರಕ್ಕೆ 40 ದಾಟ್ತು. ಒಲೆ ಗಟ್ಟಿಯಾಗಿ ಕಟ್ಟಿರೋದ್ರಿಂದ ಮುದ್ದೆ ತಿರುವೋವಾಗ ಅಲ್ಲಾಡಲ್ಲ, ಇದನ್ನ ನಮ್ಮ ತಾಯಿ ಬಹಳ ಮೆಚ್ಚಿಕೊಂಡಿದ್ರು.

ಕೇಂದ್ರ ಸರ್ಕಾರ 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡ್ತು. 2002ರಲ್ಲಿ ನಿಲ್ಲೋವರೆಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆ ಕಟ್ಟಿದ ಲೆಕ್ಕ ಇದೆ. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಅಸ್ತ್ರ ಒಲೆಯೇ ಹೆಸರುವಾಸಿ. ಮೂರೂವರೆ ಕೋಟಿ! ನಿಮ್ಮೂರಲ್ಲಿ ಈಗ ಎಷ್ಟಿವೆ, ಎಣಿಸಿ ಹೇಳಿ.

ನಮ್ಮೂರಿಗೆ ಬಂದಾಗ ನಾನು ಹೈಸ್ಕೂಲು. ತರಬೇತಿ ಆದ ಗಾರೆ ಕೆಲಸದೋರು ಅಚ್ಚು, ಜಾಲರಿ, ಸಿಮೆಂಟ್ ಪೈಪು ಎಲ್ಲಾ ತಂದು ಒಂದೇ ವಾರದಲ್ಲಿ ಹದಿನೈದು ಇಪ್ಪತ್ತು ಮನೆಗೆ ಕಟ್ಟಿದ್ರು. ಗೋಡೆ ಮೇಲೆ ನಂಬರ್ ಬರೆದ್ರು. ಮೊದಲ ವರ್ಷ ಅಡಿಗೆಮನೆ ಗೋಡೆ ಬೆಳ್ಳಗೇ ಇತ್ತು, ಸೌದೆ ಹೊರೆ ಕಣ್ಣಿಗೆ ಕಾಣೋ ಹಾಗೆ ಕಡಿಮೆ ಆಯ್ತು. ಎರಡನೇ ಮಳೆಗಾಲಕ್ಕೆ ಪೈಪಿನ ತಲೆ ಮೇಲಿನ ಟೋಪಿ ಗಾಳಿಗೆ ಹೋಯ್ತು, ನೀರು ಇಳಿದು ಮಸಿ ಜೊತೆ ಸೇರಿ ಅಂಟಾಯ್ತು. ಹೊಗೆ ಹಿಂದಕ್ಕೆ ಹೊಡೆಯೋಕೆ ಶುರು. ಕಟ್ಟಿಸಿದ ಕಚೇರಿಗೆ ನಮ್ಮ ತಂದೆ ಎರಡು ಸಲ ಹೋಗಿ ಬಂದ್ರು. ಒಲೆ ಕಟ್ಟೋಕೆ ಗುರಿ ಇದೆ, ರಿಪೇರಿಗೆ ಇಲ್ಲ ಅಂದ್ರಂತೆ. ಬಾಯಲ್ಲಿ ದೊಡ್ಡ ಕೊರಡು ಹಿಡಿಯಲ್ಲ ಅಂತ ಒಬ್ಬೊಬ್ರೇ ಒಲೆ ಬಾಯಿ ಒಡೆದು ಅಗಲ ಮಾಡ್ಕೊಂಡ್ರು, ಅಲ್ಲಿಗೆ ಆ ಅಳತೆಯ ಗುಟ್ಟೆಲ್ಲಾ ಮುಗೀತು. ನಾಲ್ಕೈದು ವರ್ಷದಲ್ಲಿ ಊರಿನ ಎಲ್ಲಾ ಅಸ್ತ್ರ ಒಲೆಗಳೂ ಮಾಮೂಲಿ ಒಲೆಗಳಾದ್ವು. ಪೈಪುಗಳು ಮಾತ್ರ ಹೆಂಚಿನ ಮೇಲೆ ಹಾಗೇ ನಿಂತಿದ್ವು.

ತಂತ್ರಜ್ಞಾನ ಸರಿ ಇರಲಿಲ್ಲ, ಹಳ್ಳಿ ಹೆಂಗಸರಿಗೆ ತಿಳೀಲಿಲ್ಲ ಅಂತ ಆಮೇಲೆ ಬಹಳ ಜನ ಹೇಳಿದ್ರು. ನಾನು ಒಪ್ಪಲ್ಲ. ಕಟ್ಟಿದ ಒಲೆಗೆ ಲೆಕ್ಕ ಇತ್ತು, ಗುಡಿಸಿದ ಕೊಳವೆಗೆ ಲೆಕ್ಕ ಇರಲಿಲ್ಲ. ಮನೆಯೊಳಗೂ ಅಷ್ಟೇ. ಒಲೆ ಹೆಂಗಸಿನದು, ಹೆಂಚು ಹತ್ತೋದು ಗಂಡಸಿನದು. ಕೊಳವೆ ಶುರುವಾಗೋದು ಅವಳ ಜಾಗದಲ್ಲಿ, ಮುಗಿಯೋದು ಅವನ ಜಾಗದಲ್ಲಿ. ಹೊಗೆ ಕುಡಿಯೋಳು ಹತ್ತೋ ಹಾಗಿಲ್ಲ, ಹತ್ತೋನಿಗೆ ಹೊಗೆ ಇಲ್ಲ.

ಇದು ನನ್ನೊಬ್ಬನ ಅನಿಸಿಕೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಒಡಿಶಾದ 44 ಹಳ್ಳಿಗಳ ಸುಮಾರು 2,600 ಮನೆಗಳಲ್ಲಿ ಹೊಗೆಗೂಡಿರೋ ಮಣ್ಣಿನ ಒಲೆಗಳನ್ನ ಒಂದು ಸ್ವಯಂಸೇವಾ ಸಂಸ್ಥೆ ಕಟ್ಟಿಸಿಕೊಡ್ತು. ಅದನ್ನ ರೆಮಾ ಹನ್ನಾ, ಎಸ್ತರ್ ಡಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಅನ್ನೋ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷದವರೆಗೆ ಹಿಂಬಾಲಿಸಿದ್ರು. ಡಫ್ಲೋಗೆ 2019ರಲ್ಲಿ ನೊಬೆಲ್ ಬಂತು, ಹೆಸರು ಕೇಳಿರ್ತೀರಿ. 2016ರಲ್ಲಿ ಅಚ್ಚಾದ ಅವರ ಪ್ರಬಂಧದ ಸಾರ ಇಷ್ಟು: ಮೊದಲ ವರ್ಷ ಅಡಿಗೆ ಮಾಡೋರ ಉಸಿರಿಗೆ ಹೋಗೋ ಹೊಗೆ ಕಡಿಮೆಯಾಯ್ತು, ಆಮೇಲೆ ಆ ಲಾಭ ಮಾಯ. ಶ್ವಾಸಕೋಶದ ಆರೋಗ್ಯದಲ್ಲಾಗಲಿ ಸೌದೆ ಖರ್ಚಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಜನ ಒಲೆನ ಬಿಡದೆ ಬಳಸಲಿಲ್ಲ, ಬೇಕಾದಷ್ಟು ನಿಗಾ ಮಾಡಲಿಲ್ಲ. ನಮ್ಮೂರಿನ ಎರಡನೇ ಮಳೆಗಾಲದ ಕಥೆಯೇ ಅಲ್ವಾ ಇದು?

ಹಾಗಂತ ನಮ್ಮ ರೈತರಿಗೆ ಕೊಳವೆ ನೋಡೋಕೆ ಬರಲ್ಲ ಅಂತೀರಾ? ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಿ. ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಿನ ಒಳಗೆ ನೆಲದುದ್ದಕ್ಕೂ ಕಬ್ಬಿಣದ ಕೊಳವೆ ಹಾಯಿಸಿರ್ತಾರೆ. ಸೀಸನ್ನಿಗೆ ಮುಂಚೆ ಒಂದೊಂದು ತುಂಡನ್ನೂ ಕಳಚಿ, ಮಸಿ ಉದುರಿಸಿ, ತೂತು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡ್ತಾರೆ. ತೂತಿಂದ ಒಂದು ಕಿಡಿ ಹಾರಿದ್ರೆ ಮೇಲೆ ನೇತಾಡ್ತಿರೋ ಎಲೆ ಪೂರ್ತಿ ಭಸ್ಮ, ಬ್ಯಾರನ್ನೂ ಉಳಿಯಲ್ಲ. ಮಂಡ್ಯದ ಆಲೆಮನೆಯೋರೂ ಕಬ್ಬು ನುರಿಯೋಕೆ ಮುಂಚೆ ಒಲೆ, ಹೊಗೆಗೂಡು ಸರಿ ಮಾಡ್ಕೊಂಡೇ ಬೆಂಕಿ ಹಚ್ಚೋದು. ಅಸ್ತ್ರ ಒಲೆಯ ತತ್ವವೂ ಗಟ್ಟಿಯಾಗಿ ಉಳಿದದ್ದು ಇಂಥ ಕಡೆಯೇ. 1993ರಲ್ಲಿ ಬೆಂಗಳೂರಲ್ಲಿ ಶುರುವಾದ 'ಟೈಡ್' ಸಂಸ್ಥೆಯೋರು ಅದೇ ಜಾಡಿನಲ್ಲಿ ರೇಷ್ಮೆ ನೂಲು ತೆಗೆಯೋಕೆ, ಅಡಿಕೆ ಬೇಯಿಸೋಕೆ ಒಲೆ ಮಾಡಿಕೊಟ್ರು. ದುಡ್ಡು ನೇತಾಡೋ ಕಡೆ ಕೊಳವೆ ತಪಾಸಣೆ ಯಾರೂ ಹೇಳದೆ ಆಗತ್ತೆ.

2016ರಲ್ಲಿ ಉಜ್ವಲ ಬಂದ ಮೇಲೆ ಅಡಿಗೆಮನೆಗೆ ಗ್ಯಾಸ್ ಬಂತು, ಒಳ್ಳೇದೇ. ಒಲೆ ಬಚ್ಚಲಿಗೆ, ಹಿತ್ತಲಿಗೆ ಸರೀತು. ಕೆಲವರು ಬಚ್ಚಲಿಗೂ ಗ್ಯಾಸ್ ಗೀಜರ್ ಹಾಕ್ಸಿದಾರೆ. ಅವರಿಗೆ ಒಂದೇ ಮಾತು: ಗಾಳಿಯಾಡದ ಬಚ್ಚಲಲ್ಲಿ ಅದರಿಂದ ಸತ್ತೋರ ಸುದ್ದಿ ಪ್ರತಿ ಚಳಿಗಾಲ ಪೇಪರಲ್ಲಿ ಬರತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಾರ್ಬನ್ ಮಾನಾಕ್ಸೈಡ್. ಕೊಳವೆ ಕಟ್ಟಿಹೋದ ಸೌದೆ ಒಲೆಯ ಹೊಗೆಯಲ್ಲೂ ಅದೇ ಇರೋದು, ಅಲ್ಲಿ ಕಣ್ಣುರಿ, ಕೆಮ್ಮು ಬಂದು ಎಚ್ಚರಿಸತ್ತೆ ಅಷ್ಟೇ.

ನಮ್ಮನೇಲಿ ಈಗ ಜರ್ಮನಿಯ ಲೆಕ್ಕ, ನಮ್ಮ ಪಂಚಾಂಗ. ವರ್ಷಕ್ಕೆ ನಾಲ್ಕು ಸಲ: ಸಂಕ್ರಾಂತಿ, ಯುಗಾದಿ, ಭೀಮನ ಅಮಾವಾಸ್ಯೆ, ಆಯುಧಪೂಜೆ. ಹೆಚ್ಚು ಕಡಿಮೆ ಮೂರು ತಿಂಗಳಿಗೆ ಒಂದು ಬರತ್ತೆ, ಯಾರೂ ಮರೆಯಲ್ಲ. ಹೊಸ ಕೊಳವೆಯನ್ನ ನೆಟ್ಟಗೆ ಕೂರಿಸಿದೀನಿ, ಒಂದೂ ತಿರುವಿಲ್ಲ. ಬುಡದಲ್ಲಿ, ಒಲೆಯಿಂದ ಬಂದು ಸೇರೋ ಜಾಗದ ಕೆಳಗೆ ಒಂದಡಿ ಹೆಚ್ಚಿಗೆ ಬಿಟ್ಟು ಮುಚ್ಚಳ ಹಾಕಿದೀನಿ. ಅದನ್ನ ತೆಗೆದು ಕನ್ನಡಿ ಹಿಡಿದ್ರೆ ಮೇಲಿನ ಆಕಾಶ ದುಂಡಗೆ ಕಾಣಬೇಕು. ದುಂಡು ಸೊಟ್ಟಗಾಗಿದ್ರೆ ಗುಡಿಸೋ ಹೊತ್ತು ಬಂತು ಅಂತ. ಈ ನೋಡೋ ಕೆಲಸಕ್ಕೆ ಏಣಿ ಬೇಡ, ನಮ್ಮ ಮನೆಯೋಳೇ ತಿಂಗಳಿಗೊಮ್ಮೆ ನೋಡ್ತಾಳೆ. ಗುಡಿಸೋಕೆ ಹಗ್ಗದ ನಡುವೆ ತೆಂಗಿನ ನಾರಿನ ಉಂಡೆ ಬಿಗಿಯಾಗಿ ಕಟ್ಟಿ, ತುದಿಗೆ ಕಲ್ಲು ಕಟ್ಟಿ ಮೇಲಿಂದ ಇಳಿಬಿಡೋದು, ಕೆಳಗೊಬ್ಬರು ಮೇಲೊಬ್ಬರು ಎಳೆದಾಡೋದು. ಮೂಗು ಬಾಯಿಗೆ ಒದ್ದೆ ಬಟ್ಟೆ. ಹಳೇ ಸಿಮೆಂಟ್ ಪೈಪು ಇರೋರು ಮಾತ್ರ ಒಣಗಿದ್ದಾಗ ಉಜ್ಜಬೇಡಿ, ಕೊಯ್ಯಬೇಡಿ. ಅದ್ರಲ್ಲಿ ಕಲ್ನಾರು ಇರತ್ತೆ, ಅದರ ಧೂಳು ಮಸಿಗಿಂತ ಕೆಟ್ಟದ್ದು. ಆದಷ್ಟು ಬೇಗ ಹುಷಾರಾಗಿ, ನೀರು ಹಾಕಿ ನೆನೆಸಿ, ಒಡೆಯದ ಹಾಗೆ ಇಳಿಸಿ ತಗಡಿನ ಪೈಪು ಹಾಕಿಸಿ. ಇನ್ನು ಹಸಿ ಎಡೆಮಟ್ಟೆನ ಒಲೆಗೆ ತುರುಕೋದು ಬಿಟ್ರೆ ಅರ್ಧ ಮಸಿ ಕಡಿಮೆ, ಅದನ್ನ ನಾನು ಹೇಳಬೇಕಾ?

ಕಷ್ಟ ಇರೋದು ಹತ್ತೋಕೆ ಯಾರೂ ಇಲ್ಲದ ಮನೆಗಳದ್ದು. ಮಕ್ಕಳು ಬೆಂಗಳೂರಲ್ಲಿ, ಇಲ್ಲಿ ಅಜ್ಜಿ ಒಬ್ಬಳೇ, ದಿನಾ ಹಂಡೆ ಒಲೆ. ಸ್ವಸಹಾಯ ಸಂಘದ ಸಭೆಯಲ್ಲಿ ಹೋದ ತಿಂಗಳು ಈ ಮಾತು ಬಂತು. ಯಾರನ್ನಾದ್ರೂ ಗೊತ್ತು ಮಾಡಿ ಅಂದಾಗ ಒಬ್ಬರು ತಟ್ಟನೆ ಒಂದು ಕೇರಿಯ ಹೆಸರು ಹೇಳಿದ್ರು. ಕೊಳಕು ಕೆಲಸ ಅಂದ ಕೂಡಲೇ ನಮ್ಮ ಬಾಯಿಗೆ ಮೊದಲು ಬರೋದು ಅದೇ ಅಲ್ವಾ. ಸಂಘದ ಕಾರ್ಯದರ್ಶಿ ಹೆಣ್ಣುಮಗಳು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಆ ಕೆಲಸ ಅನಾಥ ಮಕ್ಕಳ ಪಾಲಿಗೆ ಹೋಗಿ ಎಂಬತ್ತೇಳು ವರ್ಷ ಬಿಡಿಸೋಕಾಗಲಿಲ್ಲ ಅಂತ ನಾನೂ ಹೇಳಿದೆ. ಕೊನೆಗೆ ಸರದಿ ಮಾಡಿದ್ವಿ. ಹತ್ತಬಲ್ಲ ಗಂಡಸರಿರೋ ಪ್ರತಿ ಮನೆಯೋರು ತಮ್ಮದರ ಜೊತೆ ಇನ್ನೊಂದು ಮನೆಯದ್ದು ಗುಡಿಸಬೇಕು. ಆಗದೋರು ನೂರು ರೂಪಾಯಿ ಸಂಘಕ್ಕೆ ಕೊಡಬೇಕು, ಮಾಡಿದೋರಿಗೆ ಅದು ಕೂಲಿ.

ಹನ್ನೊಂದು ಮನೆ ಸೇರಿವೆ. ಮೂರು ಮನೆಯೋರು "ನಮ್ಮದ್ರಲ್ಲಿ ಹೊಗೆ ಏನೂ ಬರ್ತಾ ಇಲ್ಲ" ಅಂತ ಸುಮ್ಮನಾಗಿದಾರೆ. ಮೊದಲ ಸುತ್ತು ಭೀಮನ ಅಮಾವಾಸ್ಯೆಗೆ ಮುಗೀತು, ಒಂದು ಮನೆಯ ಕೊಳವೆಯಿಂದ ಅರ್ಧ ಗೊಬ್ಬರದ ಚೀಲ ಮಸಿ, ಒಂದು ಅಳಿಲಿನ ಗೂಡು ಬಂತು. ಮುಂದಿನದು ಆಯುಧಪೂಜೆಗೆ. ಆ ಮೂರು ಮನೆಗೆ ಅಷ್ಟರಲ್ಲಿ ಕನ್ನಡಿ ಹಿಡ್ಕೊಂಡು ಹೋಗಿ ಬರಬೇಕು.